ಬಾಣಗಳು ಸಾಕಿದ ಮನೆ

ಹಸಿ ಕುಂಬಳಕಾಯಿ ಒಡೆದಾಗ ಬರುವ ವಾಸನೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಒದ್ದೆ ಮಣ್ಣು, ಸೌತೆಕಾಯಿಯ ತಿರುಳು, ಆಗತಾನೇ ಕೊಯ್ದ ಹುಲ್ಲು, ಮೂರೂ ಸೇರಿದ ಹಾಗಿರುತ್ತದೆ. ಹೋದ ತಿಂಗಳು ಅಡಿಲೇಡಿನ ಮಾಸನ್ ಲೇಕ್ಸ್‌ನ ನಮ್ಮ ಮನೆಯಲ್ಲಿ ಮಗಳು ಶೋಭಾ ಹುಳಿಗೆಂದು ಒಂದು ಕುಂಬಳಕಾಯಿ ತಂದಿದ್ದಳು. ಬೂದು ಬಣ್ಣದ್ದು, ಕಲ್ಲಿನಂಥ ಸಿಪ್ಪೆ. ಚಾಕು ಒಳಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೊಮ್ಮಗಳು ಅನು ಹೇಗೋ ಚಾಕು ಕಿತ್ತು, ಕಾಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಎತ್ತಿಹಾಕಿದಳು. ಬಿಸಿಲಿಗೆ ಕಾದ ಸಿಮೆಂಟು, ಅದರ ಮೇಲೆ ಹಸಿ ಕಾಯಿಯ ನೀರು. ಆ ವಾಸನೆ ಒಳಗೆ ಬಂದದ್ದೇ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. "ಆರ್ ಯು ಓಕೆ ಅಜ್ಜಿ?" ಎಂದು ಅನು ಕೇಳಿದಳು. ನಮ್ಮಮ್ಮ ಬಂದ ಹಾಗಾಯಿತು ಎಂದೆ. ನಮ್ಮಮ್ಮ ಸತ್ತು ಎಷ್ಟೋ ಕಾಲವಾಯಿತು ಎಂದು ಆ ಹುಡುಗಿಗೂ ಗೊತ್ತು. ಅವಳು ಶೋಭಾಳ ಮುಖ ನೋಡಿದಳು, ಶೋಭಾ ನನ್ನ ಮಾತ್ರೆಯ ಡಬ್ಬಿ ನೋಡಿದಳು.

ಇಲ್ಲಿನ ಕನ್ನಡದವರೆಲ್ಲ ನನ್ನನ್ನು ಮಗಳ ಹಿಂದೆ ವಯಸ್ಸಾದ ಮೇಲೆ ಬಂದ ಹೆಂಗಸು ಎಂದೇ ತಿಳಿದಿದ್ದೀರಿ. ನಿಮ್ಮ ಅಮ್ಮಂದಿರ ಹಾಗೆ, ಅತ್ತೆಯರ ಹಾಗೆ. ಮಗ ಪರ್ತ್‌ನಲ್ಲಿ, ಹಿರಿಯ ಮೊಮ್ಮಗ ಬ್ರಿಸ್ಬೇನ್ ಆಚೆಯ ಇಪ್ಸ್‌ವಿಚ್‌ನಲ್ಲಿ ಆಸ್ಪತ್ರೆ ಕೆಲಸ, ಮಗಳು ಅಡಿಲೇಡ್‌ನಲ್ಲಿ. ಮೂರು ಕಡೆಯೂ ಒಂದೊಂದು ಹಾಸಿಗೆ ಇದೆ, ಎಲ್ಲೂ ಹಿತ್ತಲಲ್ಲಿ ಕರಿಬೇವು ಸರಿಯಾಗಿ ಬರುವುದಿಲ್ಲ. ನಾನು ಅಡಿಲೇಡನ್ನೇ ಹಿಡಿದುಕೊಂಡಿರುವುದು ಯಾಕೆ ಎಂದು ಮಗ ಕೇಳುತ್ತಿರುತ್ತಾನೆ. ಅವನಿಗೂ ಪೂರ್ತಿ ಹೇಳಿರಲಿಲ್ಲ. ಈ ಊರಿಗೆ ನಾನು ಬಂದದ್ದು ಇದು ಎರಡನೆಯ ಸಲ. ಮೊದಲ ಸಲ ಬಂದಾಗ ನನಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಈಗ ಮನೆಗಳು, ಕೊಳ, ಬಾತುಕೋಳಿ, ಕಾಫಿ ಅಂಗಡಿ ಇರುವ ಈ ಜಾಗದಲ್ಲಿ ಆಗ ಉಪ್ಪುನೆಲದ ಕುರುಚಲು ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಬರೆಯುವುದು ಅಷ್ಟಕ್ಕಷ್ಟೆ. ಆದರೂ ಬರೆಯುತ್ತೇನೆ, ಏಕೆಂದರೆ ಆ ಮನೆಯನ್ನು ಕಂಡವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ ಎಂದು ಕಾಣುತ್ತದೆ.

ನಮ್ಮಮ್ಮನ ಹೆಸರು ಮುನಿಯಮ್ಮ. ಬೆಂಗಳೂರಿನ ವಿಮಾನದ ಕಾರ್ಖಾನೆಯ ಹತ್ತಿರ, ವರ್ತೂರಿನ ಕಡೆಯವಳು. ನಮ್ಮಪ್ಪ ಆ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತಿದ್ದನಂತೆ, ನಾನು ಹುಟ್ಟಿದ ವರ್ಷವೇ ಹೋದ. ಇಂಗ್ಲೆಂಡಿನ ಒಂದು ವಿಮಾನದ ಕಂಪನಿಯಿಂದ ನಮ್ಮವರಿಗೆ ಕೆಲಸ ಹೇಳಿಕೊಡಲು ಬಾರ್ಲೋ ದೊರೆ ಬಂದಿದ್ದರು. ಅವರ ಮಗಳು ಜಿಲ್‌ಗೆ ನಮ್ಮಮ್ಮ ಆಯಾ. ಬಂಗಲೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರು. ಜಿಲ್ ನಮ್ಮಮ್ಮನ ಕೈಯಲ್ಲಿ ಅಲ್ಲದೆ ಬೇರೆಯವರ ಕೈಯಲ್ಲಿ ಉಣ್ಣುತ್ತಿರಲಿಲ್ಲ. ಆದ್ದರಿಂದ ಕಂಪನಿ ದೊರೆಗೆ ಆಸ್ಟ್ರೇಲಿಯಾಕ್ಕೆ ಹೋಗು ಎಂದಾಗ ದೊರೆಸಾನಿ ನಮ್ಮಮ್ಮನನ್ನು ಬಿಟ್ಟು ಹೊರಡುವುದಿಲ್ಲ ಎಂದು ಹಟ ಹಿಡಿದರು. ಅಮ್ಮ ನನ್ನನ್ನು ಬಿಟ್ಟು ಹೊರಡುವುದಿಲ್ಲ ಎಂದಳು. ಹೀಗೆ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಹಡಗು ಹತ್ತಿದೆವು. ಪರ್ತ್ ಪಕ್ಕದ ಬಂದರಿನಲ್ಲಿ ಹಡಗು ನಿಂತಾಗ ಟೋಪಿ ಹಾಕಿದ ಒಬ್ಬ ಅಧಿಕಾರಿ ನಮ್ಮಿಬ್ಬರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದ. ಆ ಕಾಲದಲ್ಲಿ ನಮ್ಮ ಬಣ್ಣದವರನ್ನು ಈ ದೇಶದಲ್ಲಿ ಇರಲಿಕ್ಕೆ ಬಿಡುತ್ತಿರಲಿಲ್ಲ. ದೊರೆ ಇಲ್ಲಿ ಕೆಲಸದಲ್ಲಿ ಇರುವವರೆಗೆ ಅವರ ಆಯಾ ಇರಬಹುದು, ದೊರೆ ಹೊರಟ ದಿನ ಆಯಾ ಕೂಡ ಹೊರಡಬೇಕು. ಅಷ್ಟೇ ಕರಾರು. ನಮ್ಮಮ್ಮ ಅದನ್ನು ಒಂದೇ ಮಾತಿನಲ್ಲಿ ನನಗೆ ತಿಳಿಸಿದಳು: "ದೊರೆ ಚೆನ್ನಾಗಿದ್ರೆ ನಾವು ಚೆನ್ನಾಗಿರ್ತೀವಿ ನಂಜಿ. ಅವರಿಗೆ ನೆಗಡಿ ಆದ್ರೂ ನಮಗೆ ಜ್ವರ ಅಂತ ತಿಳ್ಕೊ."

ನಮ್ಮ ಮನೆ ಸಾಲಿಸ್ಬರಿಯಲ್ಲಿ, ಈಗ ನಾನಿರುವ ಜಾಗದಿಂದ ರೈಲಿನಲ್ಲಿ ಸ್ವಲ್ಪ ದೂರ. ಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕೆಲಸಗಾರರಿಗೆ ಕಟ್ಟಿದ ಮನೆಗಳವು. ತಗಡಿನ ಛಾವಣಿ, ಮುಂದೆ ಜಾಲರಿ ಬಾಗಿಲು, ಪಕ್ಕದಲ್ಲಿ ಮಳೆನೀರಿನ ಟ್ಯಾಂಕು. ಉತ್ತರದ ಗಾಳಿ ಬೀಸಿದರೆ ಅನ್ನದಲ್ಲೂ ಕೆಂಪು ಧೂಳು. ನಮ್ಮದು ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಅಂಟಿದ ಸಣ್ಣ ಕೋಣೆ. ತಾಮ್ರದ ಹಂಡೆ ಗೋಡೆಯ ಆಚೆ ಇತ್ತು, ಒಗೆಯುವ ದಿನ ನಮ್ಮ ಗೋಡೆ ಬೆಚ್ಚಗಾಗುತ್ತಿತ್ತು. ಛಳಿಗಾಲದಲ್ಲಿ ನಾನು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ, ಜಿಲ್ ಕೂಡ ಬಂದು ಕೂರುತ್ತಿದ್ದಳು. ಅಮ್ಮ ಅಲ್ಲೇ ನಮ್ಮಿಬ್ಬರಿಗೂ ತಲೆ ಬಾಚುತ್ತಿದ್ದಳು, ಮೊದಲು ಕಪ್ಪು ತಲೆ, ಆಮೇಲೆ ಹಳದಿ ತಲೆ, ಬಾಚಣಿಗೆ ಒಂದೇ. ಹೇನು ಯಾರಿಂದ ಯಾರಿಗೆ ಬಂತು ಎಂದು ಗೊತ್ತಾಗದೆ ದೊರೆಸಾನಿ ಇಬ್ಬರ ತಲೆಗೂ ಸೀಮೆಎಣ್ಣೆ ಹಾಕಿಸಿದರು. ಬೆಂಗಳೂರಿನಲ್ಲಿ ಬಂಗಲೆ ದೊಡ್ಡದು, ಜನ ದೂರ. ಇಲ್ಲಿ ಮನೆ ಚಿಕ್ಕದು, ಆದ್ದರಿಂದ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಹತ್ತಿರ. ದೊರೆಸಾನಿ ಅಡುಗೆಮನೆಯ ಮೇಜಿನ ಬಳಿ ಬಟಾಣಿ ಸುಲಿಯಲು ಕೂತರೆ ಎದುರಿಗೆ ಅಮ್ಮ ಕೂರುತ್ತಿದ್ದಳು. ಅಂಥದ್ದು ಬೆಂಗಳೂರಿನಲ್ಲಿ ಯಾರೂ ಕಂಡದ್ದಲ್ಲ. ಅಮ್ಮ ಮೊದಲು ನಿಂತೇ ಸುಲಿದಳಂತೆ. ದೊರೆಸಾನಿ ಕಾಲಿನಿಂದ ಕುರ್ಚಿ ತಳ್ಳಿ, ಕೂತ್ಕೋ ಎಂದರಂತೆ.

ಕಂಪನಿಯ ಕಥೆ ನನಗೆ ಗೊತ್ತಾದದ್ದು ಹೀಗೆ ಬಟಾಣಿ ಸುಲಿಯುವಾಗ, ತಟ್ಟೆ ಒರೆಸುವಾಗ. ದೊರೆಸಾನಿ ಇಂಗ್ಲಿಷಿನಲ್ಲಿ ಹೇಳುವುದನ್ನು ಅಮ್ಮ ಅಡುಗೆಮನೆಯ ಇಂಗ್ಲಿಷಿನಲ್ಲಿ ಹಿಡಿದು, ಕೋಣೆಗೆ ಬಂದು ನನಗೆ ಹೇಳುತ್ತಿದ್ದಳು. ಯುದ್ಧ ನಡೆಯುವಾಗ ಆ ಕಂಪನಿಗೆ ವಿಮಾನ ಮಾಡಿ ಮಾಡಿ ಕೈಗೆ ಬಿಡುವೇ ಇರಲಿಲ್ಲವಂತೆ. ಯುದ್ಧ ಮುಗಿದದ್ದೇ ಕೊಳ್ಳುವವರು ಇಲ್ಲ. ಇನ್ನು ಮೇಲೆ ಜನ ಆಕಾಶದಲ್ಲಿ ಕೂತು ಊಟ ಮಾಡುತ್ತಾರೆ, ಮಲಗುತ್ತಾರೆ ಎಂದು ಲೆಕ್ಕ ಹಾಕಿ ಒಂದು ಭಾರೀ ವಿಮಾನ ಮಾಡಿದರು. ಅದನ್ನು ಇಡಲಿಕ್ಕೆ ಒಂದು ಊರಷ್ಟು ದೊಡ್ಡ ಷೆಡ್ ಕಟ್ಟಿದರು. ಬಾರ್ಲೋ ದೊರೆ ಅದರ ರೆಕ್ಕೆಯ ಕೆಲಸ ಮಾಡಿದವರು. ಅದು ಹಾರಿತು, ಚೆನ್ನಾಗಿಯೇ ಹಾರಿತು, ಜನ ಬಯಲಿಗೆ ಬಂದು ಕೈ ತಟ್ಟಿದರು. ಒಬ್ಬನೂ ಕೊಳ್ಳಲಿಲ್ಲ. ಷೆಡ್ಡಿನಲ್ಲಿ ನಿಲ್ಲಿಸಿ ಆಮೇಲೆ ಕತ್ತರಿಸಿ ಗುಜರಿಗೆ ಹಾಕಿದರು. ಕೆಲಸಗಾರರನ್ನು ಗುಂಪುಗುಂಪಾಗಿ ಮನೆಗೆ ಕಳಿಸುತ್ತಿದ್ದಾಗ ಅವರ ಸರ್ಕಾರ ಬಂದು, ವಿಮಾನ ಬೇಡ, ಆಳಿಲ್ಲದೆ ಹಾರುವ ಬಾಣ ಮಾಡಿಕೊಡಿ ಎಂದಿತು. ನೀವು ಈಗ ಕ್ಷಿಪಣಿ ಎನ್ನುತ್ತೀರಿ. ನಮ್ಮಮ್ಮನಿಗೆ ಅದು ಬಾಣ. ಇಂಗ್ಲೆಂಡು ಗೇಣುದ್ದ ದೇಶ, ಅಲ್ಲಿ ಬಿಟ್ಟರೆ ಯಾರದೋ ಮನೆ ಮೇಲೆ ಬೀಳುತ್ತದೆ ಎಂದು ಬಿಡಲಿಕ್ಕೆ ಇಲ್ಲಿಗೆ ತಂದರು. ಸಾಲಿಸ್ಬರಿಯಲ್ಲಿ ಜೋಡಿಸುವುದು, ಉತ್ತರಕ್ಕೆ ಬಹಳ ದೂರ ವೂಮೆರಾ ಎಂಬ ಬಯಲಿಗೆ ಒಯ್ದು ಹಾರಿಸುವುದು. ಅಂದರೆ ವಿಮಾನದ ಕಂಪನಿಗೆ ಅನ್ನ ಹಾಕುತ್ತಿದ್ದದ್ದು ವಿಮಾನವಲ್ಲ, ಬಾಣ. ಬಾಣ ಹಾರಿದರೆ ಅಲ್ಲಿ ಷೆಡ್ಡಿನಲ್ಲಿ ದೀಪ ಉರಿಯುತ್ತದೆ, ಇಲ್ಲಿ ದೊರೆಗೆ ಕೆಲಸ ಇರುತ್ತದೆ, ನಮ್ಮ ಕೋಣೆಯ ಗೋಡೆ ಬೆಚ್ಚಗಿರುತ್ತದೆ. ಹಾರದಿದ್ದರೆ ಎಲ್ಲರೂ ಗಂಟು ಕಟ್ಟಬೇಕು. ದೊರೆಗಾದರೂ ಹೋಗಲಿಕ್ಕೆ ಒಂದು ಊರಿತ್ತು. ನಮಗೆ ಇದ್ದದ್ದು ವರ್ತೂರಿನಲ್ಲಿ ಸೋದರಮಾವನ ದನದ ಕೊಟ್ಟಿಗೆ, ಅಲ್ಲಿ ಅಮ್ಮನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

ಬಾಣ ಯಾರ ಮೇಲೆ ಬೀಳಲಿಕ್ಕೆ ಮಾಡಿದ್ದು ಎಂದು ನಾವು ಕೇಳಲಿಲ್ಲ. ಕೇಳುವ ಬುದ್ಧಿ ನನಗಿರಲಿಲ್ಲ, ಕೇಳುವ ಜಾಗದಲ್ಲಿ ಅಮ್ಮ ಇರಲಿಲ್ಲ. ವೂಮೆರಾದ ಬಯಲು ಖಾಲಿ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಖಾಲಿಯಲ್ಲ, ಅಲ್ಲಿ ಮೊದಲಿನಿಂದಲೂ ಜನ ಇದ್ದಾರೆ, ಅವರನ್ನು ದಾರಿಯಿಂದ ಸರಿಸುತ್ತಿದ್ದಾರೆ ಎಂದು ದೊರೆ ಒಂದು ಸಲ ಊಟದ ಮಧ್ಯೆ ಹೇಳಿ ಫೋರ್ಕು ಕೆಳಗಿಟ್ಟರು. ಆಮೇಲೆ ಅದನ್ನೇ ಎತ್ತಿಕೊಂಡು ಊಟ ಮುಗಿಸಿದರು. ನಮ್ಮ ಅನ್ನ ಅಲ್ಲಿಂದ ಬಂದದ್ದು. ಇದನ್ನೂ ಬರೆಯದೆ ಬರೀ ಸಿಹಿ ಬರೆದರೆ ಸುಳ್ಳಾಗುತ್ತದೆ.

ಎರಡನೆಯ ಬೇಸಗೆಯಲ್ಲಿ ದೊರೆ ಊಟ ಬಿಟ್ಟರು. ಬಾಣ ಮೇಲೆ ಹೋಗುತ್ತಿತ್ತು, ಅರ್ಧ ದಾರಿಯಲ್ಲಿ ದಿಕ್ಕು ತಪ್ಪಿ ಬೀಳುತ್ತಿತ್ತು. ಹಾಗೆ ಒಂದರ ಹಿಂದೆ ಒಂದು ಬಿದ್ದವು. ಲಂಡನ್ನಿನ ದೊಡ್ಡವರು, ಮುಂದಿನದೂ ಬಿದ್ದರೆ ಸಾಕು, ಕೆಲಸ ಬೇರೆ ಕಂಪನಿಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ದೊರೆಸಾನಿ ಅದನ್ನು ಅಮ್ಮನಿಗೆ ಹೇಳಿದ್ದು ಪಾತ್ರೆ ತೊಳೆಯುವಾಗ, ತಿರುಗಿ ಮುಖ ನೋಡದೆ. ಆ ದಿನ ಅಮ್ಮ ಕೋಣೆಗೆ ಬಂದು ನಮ್ಮ ಟ್ರಂಕು ಮಂಚದ ಕೆಳಗಿಂದ ಎಳೆದಳು. ಕಟ್ಟಲಿಕ್ಕೆ ತೆಗೆದಳು ಎಂದು ನಾನು ಅಳಲು ಶುರುಮಾಡಿದೆ. ನನಗೆ ಹೋಗುವುದು ಬೇಡವಾಗಿತ್ತು. ಜಿಲ್, ಬೆಚ್ಚನೆ ಗೋಡೆ, ಟ್ಯಾಂಕಿನ ನೀರಿನ ರುಚಿ, ನನ್ನನ್ನು ಮುಟ್ಟಿ ನೋಡಿ ಕೈ ಒರೆಸಿಕೊಂಡು ಆಮೇಲೆ ಗೆಳತಿಯರಾದ ಶಾಲೆಯ ಹುಡುಗಿಯರು, ಇವಿಷ್ಟೇ ನನ್ನ ಪ್ರಪಂಚ. ಅಮ್ಮ ನನ್ನ ತಲೆಗೆ ಮೊಟಕಿ, ಟ್ರಂಕಿನ ತಳದಿಂದ ಕುಂಕುಮದ ತಗಡಿನ ಡಬ್ಬಿ ತೆಗೆದಳು.

ಅವಳ ತಲೆಯಲ್ಲಿ ಇದ್ದದ್ದು ಆಯುಧಪೂಜೆ. ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಬಸ್ಸು, ಲಾರಿ, ಲೇತ್, ಹೊಲಿಗೆ ಮಿಷನ್ನು ಯಾವುದನ್ನೂ ಬಿಡುವುದಿಲ್ಲ. ಬೆಂಗಳೂರಿನ ವಿಮಾನದ ಕಾರ್ಖಾನೆಯಲ್ಲೂ ಹಬ್ಬದ ದಿನ ಇಂಜಿನಿಗೆ ಹಾರ ಹಾಕಿ, ಸ್ಪ್ಯಾನರಿಗೆ ಕುಂಕುಮ ಇಟ್ಟು, ಬೂದುಗುಂಬಳಕಾಯಿ ನಿವಾಳಿಸಿ ಒಡೆಯುತ್ತಿದ್ದರು. ಬಾರ್ಲೋ ದೊರೆ ಅಲ್ಲಿ ಪ್ರತಿ ವರ್ಷ ನಿಂತು ನೋಡಿದವರೇ, ಚುರುಮುರಿ ತಿಂದವರೇ. ಅಮ್ಮನ ವಾದ ಸರಳವಾಗಿತ್ತು. "ಇಷ್ಟು ದೊಡ್ಡ ಬಾಣ ಬಿಡ್ತಾರೆ, ಒಂದು ನಿಂಬೆಹಣ್ಣು ಇಡಲ್ಲ. ದೃಷ್ಟಿ ಆಗ್ದೆ ಇನ್ನೇನಾಗುತ್ತೆ?"

ಬೂದುಗುಂಬಳ ಎಲ್ಲಿಂದ ತರುವುದು? ತರಕಾರಿ ಗಾಡಿಯ ಇಟಲಿಯ ಮುದುಕನ ಹತ್ತಿರ ಅಮ್ಮ ಅದನ್ನು ಕಂಡಳು. ದುಂಡಗೆ, ಮೇಲೆಲ್ಲ ಬೂದಿ ಬಳಿದ ಹಾಗೆ ಬಣ್ಣ. ದೇವರೇ ಕಳಿಸಿದ ಎಂದು ಎದೆಗೆ ಅವಚಿಕೊಂಡು ತಂದಳು. ಅದನ್ನು ಕ್ವೀನ್ಸ್‌ಲ್ಯಾಂಡ್ ಬ್ಲೂ ಎನ್ನುತ್ತಾರೆ ಎಂದು ಅನು ಮೊನ್ನೆ ಹೇಳಿದಳು, ಬ್ರಿಸ್ಬೇನ್ ಕಡೆಯ ತಳಿಯಂತೆ. ಆಗ ನಮಗೆ ಯಾರು ಹೇಳಬೇಕು? ಬಾಣವನ್ನು ಮುಂಚೆಯೇ ವೂಮೆರಾಕ್ಕೆ ಕಳಿಸಿ ಆಗಿತ್ತು. ಅದರ ಹತ್ತಿರ ಅಮ್ಮನನ್ನು ಯಾರು ಬಿಡುತ್ತಾರೆ? ಬಾಣ ಸಿಗದಿದ್ದರೆ ಬಾಣ ಬಿಡುವವನ ಗಾಡಿ ಸಾಕು ಎಂದು ಅವಳೇ ತೀರ್ಮಾನ ಮಾಡಿದಳು. ದೊರೆ ಹೊರಡುವ ದಿನ ಬೆಳಗ್ಗೆ ಲ್ಯಾಂಡ್‌ರೋವರ್ ಅಂಗಳದಲ್ಲಿ ನಿಂತಿತ್ತು. ಅಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲ ತುದಿ ಗಂಟು ಕಟ್ಟಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಕಾಯಿ ನಿವಾಳಿಸಿದಳು. ದೊರೆಸಾನಿ ಗೌನಿನ ಮೇಲೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತರು. ಪಕ್ಕದ ಮನೆಯವಳು ಪೈಪು ಹಿಡಿದುಕೊಂಡು ಬೇಲಿಯ ಆಚೆ ನಿಂತಳು, ನೀರು ಅವಳ ಚಪ್ಪಲಿಯ ಮೇಲೇ ಸುರಿಯುತ್ತಿತ್ತು. ಅಮ್ಮ ಕಾಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಸಿಮೆಂಟಿನ ಮೇಲೆ ಅಪ್ಪಳಿಸಿದಳು.

ಅದು ಒಡೆಯಲಿಲ್ಲ. ಟೊಣ್ ಎಂದು ಹಾರಿ, ಉರುಳಿಕೊಂಡು ಹೋಗಿ ಬೇಲಿಗೆ ತಗುಲಿ ನಿಂತಿತು.

ಕುಂಬಳಕಾಯಿ ಒಡೆಯದಿದ್ದರೆ ಏನು ಅರ್ಥ ಎಂದು ಅಮ್ಮನಿಗೂ ಗೊತ್ತಿಲ್ಲ, ಏಕೆಂದರೆ ಅಂಥದ್ದು ಎಲ್ಲೂ ನಡೆದದ್ದೇ ಇಲ್ಲ. ಎತ್ತಿ ಮತ್ತೆ ಹಾಕಿದಳು. ಸಿಮೆಂಟಿನ ಚಕ್ಕೆ ಎದ್ದಿತು, ಕಾಯಿಗೆ ಏನೂ ಆಗಲಿಲ್ಲ. ಅಮ್ಮನ ಮುಖ ಹೇಗಾಯಿತು ಎಂದರೆ, ನಾನು ಆ ಮುಖವನ್ನು ಅಪ್ಪನ ತಿಥಿಯ ದಿನವೂ ನೋಡಿರಲಿಲ್ಲ. ಜಿಲ್ ನನ್ನ ಕೈ ಹಿಡಿದುಕೊಂಡಳು. ಆಗ ಬಾರ್ಲೋ ದೊರೆ ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಕಾಯನ್ನು ತಾವೇ ಎತ್ತಿ ತಂದು ಮುಂದಿನ ಚಕ್ರದ ಎದುರಿಗೆ ಇಟ್ಟರು. ಪಕ್ಕಕ್ಕೆ ಉರುಳದ ಹಾಗೆ ಎರಡು ಕಡೆ ಇಟ್ಟಿಗೆ ಕೊಟ್ಟರು. ಇಂಜಿನಿಯರ್ ಅಲ್ಲವೇ! "ಮುನಿಯಮ್ಮ, ಸ್ವಲ್ಪ ಆ ಕಡೆ," ಎಂದು ಬೆಂಗಳೂರಿನಲ್ಲಿ ಕಲಿತ ಕನ್ನಡದಲ್ಲಿ ಹೇಳಿ, ಗಾಡಿಗೆ ಕೂತು, ಅದರ ಮೇಲೆ ಹತ್ತಿಸಿದರು. ಮರ ಮುರಿದ ಹಾಗೆ ಸದ್ದಾಯಿತು. ಆ ವಾಸನೆ ಎದ್ದಿತು.

ಒಳಗೆ ಬಿಳಿ ಇರಬೇಕಿತ್ತು. ಅರಿಸಿನದ ಹಾಗೆ ಹಳದಿ ಇತ್ತು. ಅಮ್ಮ ಬಗ್ಗಿ ಒಂದು ಚೂರು ಎತ್ತಿ ಮೂಸಿ ನೋಡಿದಳು. "ಅಯ್ಯೋ ಶಿವನೇ, ಇದು ಪಲ್ಯದ ಕಾಯಿ," ಎಂದಳು. ಅಷ್ಟರಲ್ಲಿ ದೊರೆ ಕೈ ಬೀಸಿ ಹೊರಟೇ ಹೋಗಿದ್ದರು, ಬಾನೆಟ್ಟಿನ ಮೇಲೆ ಕುಂಕುಮದ ಬೊಟ್ಟು ಹಾಗೇ ಇತ್ತು.

ಆಮೇಲಿನ ದಿನಗಳು ಉದ್ದವಾದವು. ದೃಷ್ಟಿ ತೆಗೆದ ಕಾಯನ್ನು ಮನೆಯೊಳಗೆ ತರಬಾರದು, ಎಲ್ಲರಿಗೂ ಗೊತ್ತು. ಆದರೆ ಇದು ದೃಷ್ಟಿಯ ಕಾಯಿಯೇ ಅಲ್ಲವಲ್ಲ, ಹಾಗಾದರೆ ದೃಷ್ಟಿ ಇದಕ್ಕೆ ಅಂಟುವುದು ಹೇಗೆ ಎಂದು ಅಮ್ಮ ಬಹಳ ಹೊತ್ತು ಯೋಚಿಸಿ, ಚಕ್ರ ತಾಗದ ಹೋಳುಗಳನ್ನು ಆರಿಸಿ ತೊಳೆದು ಪಲ್ಯ ಮಾಡಿದಳು. ಉಳಿದದ್ದನ್ನು ದೊರೆಸಾನಿ ಓವನ್ನಿನಲ್ಲಿ ಬೇಯಿಸಿದರು. ಫೋನಿನ ಸದ್ದಿಗೆ ಕಾಯುತ್ತಾ ನಾವು ನಾಲ್ವರು ಹೆಣ್ಣುಗಳು ಆ ಕುಂಬಳಕಾಯಿಯನ್ನೇ ತಿಂದೆವು. ಮೊದಲು ಗಾಳಿ ಜೋರು ಎಂದು ನಿಲ್ಲಿಸಿದರಂತೆ. ಆಮೇಲೆ ಮೋಡ. ಅಮ್ಮ ದಿನಾ ಅಂಗಳದ ಸಿಮೆಂಟು ತೊಳೆಯುತ್ತಿದ್ದಳು, ಹಳದಿ ಕಲೆ ಹೋಗಲಿಲ್ಲ. ಒಂದು ಮಧ್ಯಾಹ್ನ ದೊರೆಸಾನಿ, ಹೋಗಬೇಕಾಗಿ ಬಂದರೆ ನಿನ್ನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಎಂದು ಹೇಳಿದಾಗ ಅಮ್ಮ ಬಟಾಣಿಯ ತಟ್ಟೆ ಬದಿಗಿಟ್ಟು, "ಅಮ್ಮಾವ್ರೇ, ನೀವು ಅಳ್ಬೇಡಿ. ನೀವು ಅತ್ರೆ ನಾನೂ ಅಳ್ಬೇಕಾಗುತ್ತೆ, ಮಕ್ಕಳಿಗೆ ಯಾರು ಬಡಿಸ್ತಾರೆ?" ಎಂದಳು. ಕನ್ನಡದಲ್ಲೇ ಹೇಳಿದಳು. ದೊರೆಸಾನಿಗೆ ಅರ್ಥವಾಯಿತು.

ದೊರೆ ಫೋನು ಮಾಡಲಿಲ್ಲ, ತಾವೇ ಬಂದರು. ಗಾಡಿ ಅಂಗಳಕ್ಕೆ ಬಂದಾಗ ಯಾವುದು ಗಾಡಿ ಯಾವುದು ದೊರೆ ಗೊತ್ತಾಗದ ಹಾಗೆ ಎಲ್ಲ ಕೆಂಪು ಧೂಳು. ಇಳಿದವರು ಮೊದಲು ಹೆಂಡತಿಯನ್ನು ತಬ್ಬಿಕೊಂಡರು, ಆಮೇಲೆ ಅಮ್ಮನ ಕಡೆ ತಿರುಗಿ, "ನೆಟ್ಟಗೆ ಹೋಯ್ತು, ಮುನಿಯಮ್ಮ. ತುಂಬಾ ನೆಟ್ಟಗೆ," ಎಂದರು. ಅಮ್ಮ ಕೈ ಮುಗಿಯಲಿಲ್ಲ, ಏನಿಲ್ಲ. ಒಳಗೆ ಹೋಗಿ ಅವರ ಸ್ನಾನಕ್ಕೆ ನೀರು ಕಾಯಿಸಿದಳು. ನಮ್ಮ ಗೋಡೆ ಬೆಚ್ಚಗಾಯಿತು. ನಾನು ಹೋಗಿ ಕೆನ್ನೆ ಇಟ್ಟೆ.

ಕುಂಬಳಕಾಯಿಯಿಂದ ಬಾಣ ಹಾರಿತು ಎಂದು ನಾನು ಹೇಳುವುದಿಲ್ಲ. ಎಲ್ಲೋ ಒಂದು ಸಣ್ಣ ಭಾಗ ಸರಿಯಾಗಿ ತಿರುಗುತ್ತಿರಲಿಲ್ಲವಂತೆ, ಅದನ್ನು ಇಂಗ್ಲೆಂಡಿನಲ್ಲಿ ಯಾರೋ ತಿದ್ದಿ ಕಳಿಸಿದ್ದರಂತೆ. ಆದರೆ ಮುಂದಿನ ಸಲ ದೊರೆ ಹೊರಡುವಾಗ ಅಮ್ಮ ಕೇಳುವ ಮೊದಲೇ ಅವರೇ ಕೇಳಿದರು. ಕಾಯಿ ಅದೇ ಇರಲಿ, ಬೇರೆ ಬೇಡ ಎಂದರು. ಅದಾದ ಮೇಲೆ ಅವರ ಜೊತೆಯ ಇನ್ನೊಬ್ಬ ಇಂಜಿನಿಯರ್ ತನ್ನ ಗಾಡಿ ತಂದ. ಆಮೇಲೆ ಮತ್ತೊಬ್ಬ. ವೂಮೆರಾಕ್ಕೆ ಹೊರಡುವ ದಿನ ಬೆಳಗ್ಗೆ ನಮ್ಮ ಬೀದಿಯಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು, ಟೋಪಿ ಹಾಕಿದ ಇಂಗ್ಲಿಷ್ ಗಂಡಸರು ಚಹಾ ಕುಡಿಯುತ್ತಾ ತಮ್ಮ ಸರದಿಗೆ ಕಾಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರೂ ನಂಬಲಿಲ್ಲ, ಯಾರೂ ತಪ್ಪಿಸಲೂ ಇಲ್ಲ. ಪೈಪು ಹಿಡಿದ ಪಕ್ಕದ ಮನೆಯವಳು ಮುರಿದ ಹೋಳು ಕೇಳಿ ಇಸಿದುಕೊಂಡು ಸೂಪು ಮಾಡುತ್ತಿದ್ದಳು. ಇಟಲಿಯ ಮುದುಕ ನಮಗೆಂದೇ ದೊಡ್ಡ ಕಾಯಿ ಎತ್ತಿಡುತ್ತಿದ್ದ, ಇಷ್ಟು ಕುಂಬಳ ತಿನ್ನುವ ಮನೆ ಅಡಿಲೇಡಿನಲ್ಲೇ ಇಲ್ಲ ಎನ್ನುತ್ತಿದ್ದ. ಅಮ್ಮ ಬೀದಿಯಲ್ಲಿ ನಡೆದರೆ ಈಗ ಜನ ದಿಟ್ಟಿಸುವುದನ್ನು ಬಿಟ್ಟು ತಲೆ ಬಾಗಿಸುತ್ತಿದ್ದರು. ಬಾಣ ಹಾರಿತು, ಕಂಪನಿ ಉಸಿರಾಡಿತು, ಅಲ್ಲಿ ಇಂಗ್ಲೆಂಡಿನಲ್ಲಿ ಮನೆಗೆ ಕಳಿಸಿದ್ದವರನ್ನು ಮತ್ತೆ ಕರೆದರಂತೆ. ನಮಗೆ ಇನ್ನೂ ಕೆಲವು ಬೇಸಗೆ, ಕೆಲವು ಛಳಿಗಾಲ ಸಿಕ್ಕಿತು. ನನ್ನ ಬಾಲ್ಯ ಎಂದು ನಾನು ಯಾವುದನ್ನು ಹೇಳುತ್ತೇನೋ ಅದೆಲ್ಲ ಆ ಸಿಕ್ಕಿದ ಕಾಲ.

ಮುಗಿದದ್ದು ಗದ್ದಲವಿಲ್ಲದೆ. ಕಂಪನಿ ಸಾಯಲಿಲ್ಲ, ದೊಡ್ಡ ಮನೆಗೆ ಸೊಸೆಯಾಗಿ ಹೋಯಿತು. ಇನ್ನೊಂದು ಭಾರೀ ಕಂಪನಿ ಅದನ್ನು ಸೇರಿಸಿಕೊಂಡಿತು, ಹೆಸರು ಬದಲಾಯಿತು, ಬಾಣದ ಕೆಲಸಕ್ಕೆ ಬೇರೆಯವರು ಬಂದರು. ಬಾರ್ಲೋ ದೊರೆಗೆ ಇಂಗ್ಲೆಂಡಿಗೆ ಬಾ ಎಂದು ಹೇಳಿದರು. ಅಮ್ಮನನ್ನು ಇಲ್ಲೇ ಉಳಿಸಲಿಕ್ಕೆ ದೊರೆಸಾನಿ ಅಡಿಲೇಡಿನ ಕಚೇರಿಗೆ ಹೋಗಿ ಬಂದರು, ಬೂಟು ಕಳಚುತ್ತಾ, ಆಗುವುದಿಲ್ಲವಂತೆ ಎಂದರು. ಹೊರಡುವ ದಿನ ಜಿಲ್ ಅತ್ತಳು, ನಾನು ಅಳಲಿಲ್ಲ. ಹಡಗು ಪರ್ತ್ ಬಂದರು ಬಿಟ್ಟಾಗ ಅಮ್ಮ ರೇಲಿಂಗಿಗೆ ಬೆನ್ನು ಮಾಡಿ ನಿಂತಿದ್ದಳು. ನಾವು ಮತ್ತೆ ಬರ್ತೀವಾ ಎಂದು ಕೇಳಿದೆ. "ಅವತ್ತು ಆ ಬಾಣ ಬಿದ್ದಿದ್ರೆ ಅವತ್ತೇ ಹೊರಡ್ಬೇಕಿತ್ತು. ಇಷ್ಟು ವರ್ಷ ಇದ್ದೆವಲ್ಲ, ಅದನ್ನ ಯಾರು ಕಿತ್ಕೊಳ್ತಾರೆ?" ಎಂದಳು.

ದೊರೆ ಹೇಳಿಟ್ಟಿದ್ದರಿಂದ ಬೆಂಗಳೂರಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಮ್ಮನಿಗೆ ಕೆಲಸ ಸಿಕ್ಕಿತು, ಸೋದರಮಾವನ ಕೊಟ್ಟಿಗೆಗೆ ಹೋಗಬೇಕಾಗಲಿಲ್ಲ. ನಾನು ಮಾತ್ರ ಎರಡು ಶಾಲೆಯ ಮಧ್ಯೆ ಬಿದ್ದೆ. ಇಲ್ಲಿ ಕಲಿತದ್ದು ಅಲ್ಲಿಗೆ ಆಗಲಿಲ್ಲ, ಅಲ್ಲಿಯದು ತಲೆಗೆ ಹತ್ತಲಿಲ್ಲ. ಅಕ್ಷರ ಕೂಡಿಸಿ ಓದುವಷ್ಟು ಬಂತು, ಸಾಕು ಎಂದು ಅದೇ ಕ್ಯಾಂಟೀನಿನಲ್ಲಿ ಮುದ್ದೆ ಕಟ್ಟಲು ನಿಂತೆ. ಅದರಲ್ಲೇ ಮದುವೆ, ಮಕ್ಕಳು, ಮಕ್ಕಳ ಓದು. ಶೋಭಾ ಆಸ್ಪತ್ರೆ ಕೆಲಸ ಹಿಡಿದು ಅಡಿಲೇಡಿಗೆ ಹೋಗುತ್ತೇನೆ ಎಂದಾಗ ನಾನು ನಕ್ಕೆ. ಯಾಕಮ್ಮ ಎಂದಳು. ಅಲ್ಲಿ ಧೂಳು ಜಾಸ್ತಿ ಎಂದೆ. ಈ ಸಲ ಪರ್ತ್‌ನಲ್ಲಿ ಇಳಿದಾಗ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಮ್ಮ ಬಣ್ಣದವಳೇ, ಅಜ್ಜಿ ಎಂದು ಕರೆಯಲಿಲ್ಲ, ಅಷ್ಟೇ ಕಮ್ಮಿ.

ಕುಂಬಳಕಾಯಿ ಒಡೆದ ಮೇಲಿನ ಶುಕ್ರವಾರ ಅನು ರಜೆ ಹಾಕಿ ನನ್ನನ್ನು ಸಾಲಿಸ್ಬರಿಗೆ ಕರೆದುಕೊಂಡು ಹೋದಳು. ಅವಳು ಇಲ್ಲೇ ಓದುತ್ತಾ, ಆಕಾಶಕ್ಕೆ ಬಿಡುವ ಏನೋ ಸಣ್ಣ ಪೆಟ್ಟಿಗೆ ಮಾಡುವ ಕಡೆ ಅರ್ಧ ದಿನ ಕೆಲಸ ಮಾಡುತ್ತಾಳೆ. ಅದಾದರೂ ಯಾರ ಮೇಲೂ ಬೀಳಲ್ಲ ತಾನೆ ಎಂದು ದಾರಿಯಲ್ಲಿ ಕೇಳಿದೆ. "ನೋ ಅಜ್ಜಿ, ಇಟ್ ಜಸ್ಟ್ ಲುಕ್ಸ್ ಅಟ್ ದ ವೀಟ್," ಎಂದಳು. ಗೋಧಿ ಹೊಲ ನೋಡಲಿಕ್ಕೆ ಅಷ್ಟು ಎತ್ತರ ಹೋಗಬೇಕಾ ಎಂದೆ. ನಕ್ಕಳು. ಬೀದಿಯ ಹೆಸರು ನನಗೆ ನೆನಪಿರಲಿಲ್ಲ. ರೈಲ್ವೆ ಹಳಿ, ಅಲ್ಲಿಂದ ಎಡಕ್ಕೆ, ಬಾದಾಮಿ ಮರ ಎಂದು ಹೇಳುತ್ತಾ ಹೋದೆ. ಬಾದಾಮಿ ಮರ ಒಂದೂ ಇರಲಿಲ್ಲ. ಆದರೆ ಬೀದಿಯ ಇಳಿಜಾರು ಕಾಲಿಗೆ ಗೊತ್ತಾಯಿತು. ಇಳಿದು ನಡೆದೆ. ತಗಡಿನ ಮನೆಗಳು ಒಂದೂ ಇಲ್ಲ. ನಮ್ಮ ಮನೆ, ಪೈಪಿನವಳ ಮನೆ ಎರಡೂ ಸೇರಿದ ಜಾಗದಲ್ಲಿ ಒಂದು ಉದ್ದನೆಯ ಹೊಸ ಕಟ್ಟಡ, ಸುತ್ತ ಬಣ್ಣದ ಬೇಲಿ, ಕೊಕ್ಕೆಗಳಲ್ಲಿ ಸಣ್ಣ ಸಣ್ಣ ಟೋಪಿಗಳು. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ ಎಂದು ಅನು ಬೋರ್ಡು ಓದಿ ಹೇಳಿದಳು.

ನಾನು ಬೇಲಿ ಹಿಡಿದು ನಿಂತೆ. ಒಬ್ಬ ಹೆಂಗಸು ಹೊರಗೆ ಬಂದಳು, ತಲೆಗೆ ಸ್ಕಾರ್ಫು, ಯಾವ ದೇಶದವಳೋ ತಿಳಿಯಲಿಲ್ಲ, ಇಲ್ಲಿ ಹುಟ್ಟಿದವಳಂತೂ ಅಲ್ಲ. ಯಾರ ಅಜ್ಜಿ ನೀವು, ಯಾವ ಮಗುವನ್ನು ಕರೆದುಕೊಂಡು ಹೋಗಬೇಕು ಎಂದು ಕೇಳಿದಳು. ಯಾರನ್ನೂ ಅಲ್ಲ, ನಾನು ಇಲ್ಲಿ ಇದ್ದವಳು ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬೆರಳು ತುಟಿಗೆ ಇಟ್ಟು, ಒಳಗೆ ಮಲಗಿವೆ ಎಂದು ಸ್ವಲ್ಪ ಬಾಗಿಲು ಸರಿಸಿದಳು. ಪರದೆ ಎಳೆದ ಕತ್ತಲೆಯಲ್ಲಿ ಸಾಲಾಗಿ ಸಣ್ಣ ಹಾಸಿಗೆಗಳು. ಕಪ್ಪು ತಲೆ, ಹಳದಿ ತಲೆ, ಗುಂಗುರು ತಲೆ, ಎಲ್ಲ ಒಂದೇ ಸಮ ಉಸಿರಾಡುತ್ತಿದ್ದವು. ಒಂದು ಮಗು ಮಾತ್ರ ಮಲಗಿರಲಿಲ್ಲ, ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಆ ಹೆಂಗಸು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು, ಬೆನ್ನಿನ ಮೇಲೆ ಅಂಗೈ ಇಟ್ಟಳು. ಅನು ನನ್ನ ಕಿವಿಯಲ್ಲಿ ಏನೋ ಕೇಳಿದಳು. ಶ್ ಎಂದೆ. ಮಗುವಿನ ರೆಪ್ಪೆ ಮುಚ್ಚುವವರೆಗೆ ನಾವಿಬ್ಬರೂ ಅಲ್ಲಾಡದೆ ನಿಂತಿದ್ದೆವು.